ಶೈನ್ ಗಾಡಿಗೆ ಬ್ಯಾಕ್ ಪ್ರೊಟೆಕ್ಟರ್ ಯಾಕ್ರಿ ಸರ?

ನನ್ನದು ಬೀಜದ ಕಂಪನಿಯಲ್ಲಿ ಫೀಲ್ಡ್ ಕೆಲಸ. ಮನೆ ಮುಧೋಳದಲ್ಲಿ. ಲೋಕಾಪುರ, ಮಹಾಲಿಂಗಪುರ, ಜಮಖಂಡಿ ಕಡೆಯ ಹಳ್ಳಿಗಳೆಲ್ಲ ನನ್ನ ಏರಿಯಾ. ಗಾಡಿ 125 ಸಿಸಿ ಶೈನ್. ಇಂಥ ಗಾಡಿ ಮೇಲೆ ಬೆನ್ನಿಗೆ ಪ್ರೊಟೆಕ್ಟರ್, ಅಂದರೆ ಬಿದ್ದಾಗ ಪೆಟ್ಟು ತಗ್ಗಿಸುವ ಕವಚ, ಕಟ್ಟಿಕೊಂಡು ಓಡಾಡುವ ಇನ್ನೊಬ್ಬನನ್ನು ಈ ಕಡೆ ನಾನಂತೂ ನೋಡಿಲ್ಲ. ಚಹಾದಂಗಡಿಯಲ್ಲಿ ಈಗ ನಮಸ್ಕಾರದ ಬದಲು "ಯಾವ ಯುದ್ಧಕ್ಕ ಹೊಂಟೀರಿ ಸರ?" ಅನ್ನುತ್ತಾರೆ. ಅನ್ನಲಿ ಬಿಡಿ.

ಅವರ ತಕರಾರು ಒಂದೇ. ನಿಧಾನ ಹೋಗುವವನಿಗೆ ಇದೆಲ್ಲ ಯಾಕೆ? ನಿಜ, ನಾನು ಜೋರು ಹೊಡೆಯುವವನಲ್ಲ. ಆದರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡಿದವೆಂದರೆ ಈ ರಸ್ತೆ ಬೈಕಿನವರದಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಹಿಂದೆ ಲೈಟ್ ಇರೋದಿಲ್ಲ. ರಿಫ್ಲೆಕ್ಟರ್ ಅಂಟಿಸಿದ್ದರೂ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಜೋತುಬಿದ್ದು ಅದನ್ನು ಮುಚ್ಚಿರುತ್ತದೆ. ದಾರಿಯುದ್ದಕ್ಕೂ ಕಬ್ಬಿನ ಗಣಿಕೆ, ಅಂದರೆ ಜಲ್ಲೆ, ಉದುರಿರುತ್ತವೆ. ಮುಂದಿನ ಗಾಲಿ ಒಂದು ಗಣಿಕೆ ಮೇಲೆ ಓರೆಯಾಗಿ ಏರಿದರೆ ಸಾಕು, ಅದು ಉರುಳುತ್ತದೆ, ಗಾಡಿ ಮಲಗುತ್ತದೆ. ಮಳೆಗಾಲದಲ್ಲಿ ಇದೇ ಕೆಲಸವನ್ನು ಹೊಲದಿಂದ ಟ್ರ್ಯಾಕ್ಟರ್ ಹೊತ್ತು ತಂದ ಎರಿ ಮಣ್ಣು, ಅಂದರೆ ಜಿಗುಟು ಕಪ್ಪು ಮಣ್ಣು, ಮಾಡುತ್ತದೆ. ಸೀಟಿನಿಂದ ನೆಲಕ್ಕೆ ಬೀಳುವ ಎತ್ತರ ಮೂವತ್ತರ ಸ್ಪೀಡಿಗೂ ಅಷ್ಟೇ, ಎಂಬತ್ತಕ್ಕೂ ಅಷ್ಟೇ. ಬಿದ್ದಲ್ಲಿ ಬೆನ್ನ ಕೆಳಗೆ ಕಿಲೋಮೀಟರ್ ಕಲ್ಲು ಸಿಗುತ್ತದೋ ಮೆತ್ತನೆ ಮಣ್ಣು ಸಿಗುತ್ತದೋ, ಅದು ನಮ್ಮ ಕೈಯಲ್ಲಿಲ್ಲ.

ಇನ್ನೊಂದು ಸಂಗತಿ ಬೆನ್ನಿನ ಚೀಲ. ನಮ್ಮ ಲೈನಿನ ಹುಡುಗರೆಲ್ಲ ಅದರಲ್ಲಿ ಸ್ಟೀಲ್ ಡಬ್ಬಿ, ಚಾರ್ಜರ್, ಸ್ಯಾಂಪಲ್ ಪಾಕೀಟು ತುಂಬಿಕೊಂಡು ಹೋಗುತ್ತಾರೆ. ಅಂಗಾತ ಬಿದ್ದರೆ ಆ ಡಬ್ಬಿಯ ಅಂಚೇ ಬೆನ್ನುಮೂಳೆಗೆ ಒತ್ತುತ್ತದೆ. ನಾನು ಡಬ್ಬಿಯನ್ನು ಗಾಡಿಯ ಸೈಡ್ ಬ್ಯಾಗಿಗೆ ಹಾಕುತ್ತೇನೆ. ಪ್ರೊಟೆಕ್ಟರ್ ಕೊಳ್ಳದವರೂ ಇಷ್ಟನ್ನಂತೂ ಮಾಡಬಹುದು. ಖರ್ಚೇನೂ ಇಲ್ಲ ಅಲ್ವಾ?

ಕೊಳ್ಳುವಾಗ ನೋಡಬೇಕಾದದ್ದು ದಪ್ಪವನ್ನಲ್ಲ, ಲೇಬಲ್ಲನ್ನು. ಎಷ್ಟೋ ರೈಡಿಂಗ್ ಜಾಕೆಟ್‌ಗಳಲ್ಲಿ ಭುಜ, ಮೊಣಕೈಗೆ ಒಳ್ಳೆ ಪ್ಯಾಡ್ ಇರುತ್ತದೆ. ಬೆನ್ನಿನ ಜೇಬಿನಲ್ಲಿ ಮಾತ್ರ ಬರೀ ಫೋಮ್ ಹಾಳೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಅದನ್ನೇ ಒತ್ತಿ ತೋರಿಸಿ "ಫುಲ್ ಸೇಫ್ಟಿ ಸರ್" ಅಂದರು. ಯುರೋಪಿನ ಸ್ಟ್ಯಾಂಡರ್ಡ್‌ನಲ್ಲಿ ಬೆನ್ನಿಗೆ ಇರುವ ನಂಬರ್ ಇಎನ್ 1621-2. ಕೊನೆಯ ಅಂಕಿ ಗಮನಿಸಿ. 1621-1 ಅಂದರೆ ಭುಜ, ಮೊಣಕೈ, ಮೊಣಕಾಲಿನ ಪ್ಯಾಡ್. ಅದನ್ನು ತೋರಿಸಿ ಬೆನ್ನಿನದೆಂದು ಮಾರಲು ಬಂದರೆ ಒಪ್ಪಬೇಡಿ.

ಟೆಸ್ಟ್ ಹೀಗೆ: ಸುಮಾರು 5 ಕಿಲೋ ತೂಕದ ಗುಂಡನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿದಷ್ಟು, ಅಂದರೆ 50 ಜೌಲ್ ಹೊಡೆತ ಕೊಡುತ್ತಾರೆ. ಆಚೆ ಬದಿಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಲೆವೆಲ್ 1 ಆದರೆ ಸರಾಸರಿ 18 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2 ಆದರೆ 9. ಮೊಣಕೈ, ಮೊಣಕಾಲಿನ ಲೆವೆಲ್ 1 ಪ್ಯಾಡಿಗೆ 35ರವರೆಗೂ ಬಿಡುತ್ತಾರೆ. ಬೆನ್ನಿನ ವಿಷಯದಲ್ಲಿ ಎಷ್ಟು ಬಿಗಿ ಇದೆ ನೋಡಿ. ಲೇಬಲ್ಲಿನ ಮೇಲೆ ಎಫ್‌ಬಿ ಇದ್ದರೆ ಪೂರ್ತಿ ಬೆನ್ನು, ಸಿಬಿ ಇದ್ದರೆ ನಡುಭಾಗ ಮಾತ್ರ, ಎಲ್‌ಬಿ ಇದ್ದರೆ ಸೊಂಟದ ಭಾಗ. ಟಿ ಮುಂದೆ ಪ್ಲಸ್ ಗುರುತಿದ್ದರೆ 40 ಡಿಗ್ರಿ ಬಿಸಿಯಲ್ಲೂ ಟೆಸ್ಟ್ ಪಾಸಾಗಿದೆ ಎಂದರ್ಥ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದು ಬೇಕೇ ಬೇಕು. ಮೈನಸ್ ಗುರುತೂ ಒಂದಿದೆ, ಮೈನಸ್ 10 ಡಿಗ್ರಿ ಚಳಿಗೆ. ಮುಧೋಳದಲ್ಲಿ ಅದರ ಗೊಡವೆ ಯಾಕೆ!

ಅಳತೆ ಕಾಲರಿನದಲ್ಲ, ಸೊಂಟದಿಂದ ಭುಜದವರೆಗಿನ ಉದ್ದದ್ದು. ಟೇಲರ್ ಟೇಪಿನಲ್ಲಿ ಮನೆಯವರಿಂದ ಅಳೆಸಿಕೊಳ್ಳಿ. ನಾನು ಜಾಕೆಟ್ ಬಿಟ್ಟು ಬೆಲ್ಟ್ ಕಟ್ಟುವ ಲೆವೆಲ್ 2 ತಗೊಂಡೆ. ನಮ್ಮ ಬಿಸಿಲಲ್ಲಿ ದಪ್ಪ ಜಾಕೆಟ್ ಹಾಕಿಕೊಂಡು ರೈತರ ಹೊಲದಲ್ಲಿ ನಿಲ್ಲೋಕಾಗಲ್ಲ. ಇದಾದರೆ ಇಳಿದ ತಕ್ಷಣ ಬಿಚ್ಚಿ ಹ್ಯಾಂಡಲಿಗೆ ಹಾಕಬಹುದು. ಬೆವರಂತೂ ಬಂದೇ ಬರುತ್ತದೆ. ಮೊಣಕೈ ಕೆತ್ತಿಹೋಗದಂತೆ ಇದು ಏನೂ ಮಾಡುವುದಿಲ್ಲ, ಅದು ಜಾಕೆಟ್ಟಿನ ಕೆಲಸ.

ಈ ಸಾಮಾನು ರೇಸಿನವರಿಂದ ಬಂದದ್ದು. ಇಂಗ್ಲೆಂಡಿನ ಬೈಕ್ ರೇಸರ್ ಬ್ಯಾರಿ ಶೀನ್ 1975ರಲ್ಲಿ ಅಮೆರಿಕದ ಡೇಟೋನಾ ಟ್ರ್ಯಾಕಿನಲ್ಲಿ ಭಾರೀ ವೇಗದಲ್ಲಿ ಬಿದ್ದು ಮೈಯೆಲ್ಲ ಮುರಿದುಕೊಂಡವನು. 1970ರ ದಶಕದ ಕೊನೆಗೆ ಇಟಲಿಯ ಡೈನೀಸ್ ಕಂಪನಿ ಸೀಗಡಿಯಂಥ ಕಡಲ ಜೀವಿ ಲಾಬ್‌ಸ್ಟರಿನ ಚಿಪ್ಪಿನಂತೆ ಒಂದರ ಮೇಲೊಂದು ಕೂರುವ ಪಟ್ಟಿಗಳ ಬೆನ್ನು ಕವಚ ಮಾಡಿದಾಗ ಅದನ್ನು ಹಾಕಿಕೊಂಡವರಲ್ಲಿ ಅವನೂ ಒಬ್ಬ. ಈಗಿನವು ಹೆಚ್ಚಾಗಿ ಮೆತ್ತಗೆ ಬಾಗುತ್ತವೆ, ಹೊಡೆತ ಬಿದ್ದ ಕ್ಷಣಕ್ಕೆ ಗಟ್ಟಿಯಾಗುತ್ತವೆ.

ಆದರೂ ಇದನ್ನು ಮಂತ್ರದ ತಾಯತ ಅಂದುಕೊಳ್ಳಬೇಡಿ. ಬೆನ್ನಿಗೆ ನೇರವಾಗಿ ತಗಲುವ ಪೆಟ್ಟನ್ನು ಇದು ತಗ್ಗಿಸುತ್ತದೆ. ತಲೆಕೆಳಗಾಗಿ ಬಿದ್ದು ಬೆನ್ನುಮೂಳೆ ಮಡಚಿದರೆ, ತಿರುಚಿದರೆ, ಇದರಿಂದ ಜಾಸ್ತಿ ಏನೂ ಆಗದು. ಮೆಡಿಕಲ್ ಅಂಗಡಿಯ ಸೊಂಟದ ಬೆಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಅದು ನೋವಿಗೆ. ನಮ್ಮ ಡೀಲರ್ ಕಾಕಾ ಅದನ್ನೇ ಬಿಗಿದುಕೊಂಡು "ನಂದೂ ಸೇಫ್ಟಿನ ಐತಿ ತಮ್ಮಾ" ಅನ್ನುತ್ತಾರೆ. ಹೆಲ್ಮೆಟ್ ಮಾತ್ರ ಅವರ ಗಾಡಿಯ ಕನ್ನಡಿಗೆ ನೇತಾಡುತ್ತಿರುತ್ತದೆ.

ಕವಚಕ್ಕಿಂತ ನನಗೆ ಹೆಚ್ಚು ಚಿಂತೆ ಬಿದ್ದ ಮೇಲಿನದು. ನಮ್ಮ ಜನ ಒಳ್ಳೆಯವರು, ಓಡಿ ಬರುತ್ತಾರೆ. ಬಂದವರೇ ಇಬ್ಬರು ಕೈ ಹಿಡಿದು, ಇಬ್ಬರು ಕಾಲು ಹಿಡಿದು ಎತ್ತಿ, ಟಂಟಂನಲ್ಲಿ ಕೂರಿಸಿಬಿಡುತ್ತಾರೆ. ಬೆನ್ನು, ಕುತ್ತಿಗೆ ನೋವು ಅನ್ನುವವನನ್ನು, ಕಾಲು ಜೋಮು ಹಿಡಿದಿದೆ ಅನ್ನುವವನನ್ನು ಹಾಗೆ ಎತ್ತಲೇಬಾರದು. ಟ್ರಾಫಿಕ್ ತಡೆದು, ತಲೆ ಅಲುಗಾಡದಂತೆ ಹಿಡಿದು, 108ಕ್ಕೆ ಫೋನ್ ಮಾಡಿ. ಹೆಲ್ಮೆಟ್ ಎಳೆಯಬೇಡಿ, ನೀರು ಕುಡಿಸಬೇಡಿ. ಚಹಾದಂಗಡಿಯವರಿಗೆ ಇದನ್ನು ಹೇಳಿಟ್ಟಿದ್ದೇನೆ. "ಮೊದಲ ನೀವು ಬೀಳಬ್ಯಾಡ್ರಿ ಸರ, ಉದ್ರಿ ಬಾಕಿ ಐತಿ" ಅಂದರು.