ರಾಶ್‌ಫೋರ್ಡ್‌ನ ಕ್ರಿಸ್‌ಮಸ್ ಊಟ, ನಮ್ಮ ಸಾಲಿ ಬಿಸಿಯೂಟ

ಡಿಸೆಂಬರ್ ಅರ್ಧ ಮುಗೀತಂದ್ರ ಸಾಕು, ಫೋನ್‌ನಾಗ ಒಂದರ ಹಿಂದ ಒಂದು ಇಂಥಾ ವಿಡಿಯೋ ಬರಾಕ ಚಾಲೂ ಆಗ್ತಾವ. ಯಾರೋ ಒಬ್ಬ ದೊಡ್ಡ ಫುಟ್‌ಬಾಲ್ ಆಟಗಾರ ಆಸ್ಪತ್ರಿಯೊಳಗ ಮಲಗಿದ ಮಕ್ಕಳಿಗೆ ಆಟಿಗಿ ಸಾಮಾನು ಕೊಡಾಕತ್ತಿರ್ತಾನ, ಇನ್ನೊಬ್ಬಾಂವ ಬಡ ಮಕ್ಕಳನ್ನ ದೊಡ್ಡ ಅಂಗಡಿಗೆ ಕರ್ಕೊಂಡು ಹೋಗಿ ನಿಮಗ ಏನು ಬೇಕೋ ಅದನ್ನ ತಗೋರಿ ಅಂತಿರ್ತಾನ. ನಮ್ಮ ವಿರಾಟ್ ಕೊಹ್ಲಿನೂ 2019ರಾಗ ಕೋಲ್ಕತ್ತಾದ ಒಂದು ಮಕ್ಕಳ ಆಶ್ರಯಧಾಮಕ್ಕ ಸಾಂತಾ ಕ್ಲಾಸ್ ವೇಷ ಹಾಕ್ಕೊಂಡು ಹೋಗಿದ್ದ, ಆ ಬಿಳಿ ಗಡ್ಡ ತಗದಾಗ ಮಕ್ಕಳು ಚೀರಿ ಓಡಿ ಬಂದು ತಬ್ಬಿಕೊಂಡಿದ್ದನ್ನ ನಾ ಈಗ್ಲೂ ಒಮ್ಮೊಮ್ಮೆ ತಗದು ನೋಡ್ತೀನಿ. ಖುಷಿ ಆಗ್ತೈತಿ. ಆ ಮಕ್ಕಳಿಗೆ ಆ ದಿನ ಜೀವನಪೂರ್ತಿ ನೆನಪಿರ್ತೈತಿ, ಅದೇನು ಸಣ್ಣ ಮಾತಲ್ಲ.

ಆದ್ರ ಕ್ರಿಸ್‌ಮಸ್, ಆಟಗಾರ, ಬಡ ಮಕ್ಕಳು ಅಂತ ಯಾರರ ಅಂದ್ರ ನನಗ ಮೊದಲು ನೆನಪಾಗೋದು ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫೋರ್ಡ್. ಅಂವ 2020ರ ಜೂನ್‌ದಾಗ ಬ್ರಿಟನ್ನಿನ ಎಂಪಿಗಳಿಗೆಲ್ಲಾ ಒಂದು ಬಹಿರಂಗ ಪತ್ರ ಬರೆದ. ಆಗ ಅವಗ ಬರೇ 22 ವರ್ಷ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡ್ತಿದ್ದ, ಇಂಗ್ಲೆಂಡ್ ಟೀಮ್‌ನಾಗೂ ಇದ್ದ, ರೊಕ್ಕಕ್ಕ ಹೆಸರಿಗೆ ಏನೂ ಕಮ್ಮಿ ಇರ್ಲಿಲ್ಲ. ಅಂಥಾ ಹುಡುಗ ಆ ಪತ್ರದಾಗ ತನ್ನ ಮನಿ ಕಥಿ ಬರೆದ. ಅವ್ವ ದಿನಾ ದುಡಿತಿದ್ಲು, ಸರ್ಕಾರ ಹೇಳಿದ ಕನಿಷ್ಠ ಕೂಲಿ ಅಷ್ಟ ಸಿಗ್ತಿತ್ತು, 5 ಮಕ್ಕಳ ಹೊಟ್ಟಿಗೆ ಅದು ಸಾಲ್ತಿರ್ಲಿಲ್ಲ, ಹಂಗಾಗಿ ಸಾಲಿಯೊಳಗ ಸಿಗೋ ಪುಕ್ಕಟೆ ಊಟ, ಮುಂಜಾನಿ ನಾಷ್ಟಾ, ಬಾಜೂ ಮನಿಯವರು, ಕೋಚ್‌ಗಳು ಕೊಟ್ಟಿದ್ದರ ಮ್ಯಾಲ ನಾವು ಬೆಳೆದ್ವಿ ಅಂತ. ಮತ್ತ ಪ್ರತಿ ವರ್ಷ ಕ್ರಿಸ್‌ಮಸ್ ಊಟ ತರಾಕ ನಾರ್ದರ್ನ್ ಮೂರ್ ಅನ್ನೋ ಜಾಗಕ್ಕ ಹೋಗ್ತಿದ್ದಿದ್ದು ನನಗ ಚೊಲೋತ್ನಂಗ ನೆನಪೈತಿ ಅಂತಾನೂ ಬರೆದಾನ. ಅದು ಮ್ಯಾಂಚೆಸ್ಟರ್‌ನಾಗ ಅಂವ ಬೆಳೆದ ವಿಥೆನ್‌ಶಾ ಏರಿಯಾದಾಗ ಬರೋದು. ಹಬ್ಬದ ಊಟಕ್ಕ ಇನ್ನೊಬ್ಬರ ಬಾಗಲಿಗೆ ಹೋಗಿ ನಿಲ್ಲೋದನ್ನ ಅಂವ ಸಣ್ಣಾಂವ ಇದ್ದಾಗನ ಕಂಡಾನ, ಮತ್ತ ಅದನ್ನ ಮುಚ್ಚಿ ಇಡಲಿಲ್ಲ, ಇಡೀ ದೇಶದ ಮುಂದ ಬರೆದು ಇಟ್ಟ. ಇದು ಭಾಳ ದೊಡ್ಡ ಧೈರ್ಯ ಅಂತ ನನಗ ಅನಸ್ತೈತಿ. ನಮ್ಮ ಕಡೆ ಹೊಟ್ಟಿಗೆ ಇಲ್ಲದ ದಿನದ ಬಗ್ಗೆ ಮಾತಾಡಾಕ ಇವತ್ತಿಗೂ ಮಂದಿ ನಾಚಿಕೋತಾರ, ಮನಿಯೊಳಗಿನ ಮಾತು ಹೊಸ್ತಿಲ ದಾಟಬಾರದು ಅಂತಾರ.

ಪತ್ರ ಯಾಕ ಬರೆದ ಅಂದ್ರ ಕೊರೊನಾಕ್ಕ ಸಾಲಿ ಬಂದಾಗಿದ್ವು. ಇಂಗ್ಲೆಂಡ್‌ನಾಗ ಸುಮಾರು 13 ಲಕ್ಷ ಮಕ್ಕಳಿಗೆ ಸಾಲಿಯೊಳಗ ಪುಕ್ಕಟೆ ಊಟ ಇತ್ತು, ಸಾಲಿ ಬಂದಾದಾಗ ಅದರ ಬದಲಿ ವಾರಕ್ಕ 15 ಪೌಂಡಿನ ವೋಚರ್ ಕೊಡ್ತಿದ್ರು. ಬ್ಯಾಸಗಿ ರಜಾ ಬಂದ್ರ ಅದೂ ಬಂದ್ ಅಂತ ಸರ್ಕಾರ ಹೇಳಿತು. ಜೂನ್ 15ಕ್ಕ ಇವನ ಪತ್ರ ಬಂತು, ಮರುದಿನಾನ ಸರ್ಕಾರ ಮಾತು ಬದಲಿ ಮಾಡಿ ಬ್ಯಾಸಗಿ ಆರೂ ವಾರದ ಊಟಕ್ಕ 12 ಕೋಟಿ ಪೌಂಡ್ ಕೊಡ್ತೀವಿ ಅಂತು. ಒಂದ ದಿನದಾಗ! ಅಷ್ಟಕ್ಕ ಅಂವ ಸುಮ್ಮನ ಕೂಡಲಿಲ್ಲ. ಮುಂದಿನ ರಜಾಗಳಿಗೂ ಊಟ ಕೊಡ್ರಿ ಅಂತ ಅಕ್ಟೋಬರ್‌ದಾಗ ಪಾರ್ಲಿಮೆಂಟ್‌ನಾಗ ಠರಾವು ಬಂದಾಗ 261ಕ್ಕ 322 ವೋಟಿನಿಂದ ಬಿದ್ದು ಹೋತು. ಆಮ್ಯಾಲೇನಾತು ಅಂದ್ರ, ಊರೂರಾಗಿನ ಸಣ್ಣ ಸಣ್ಣ ಹೋಟೆಲ್, ಕೆಫೆ, ಬೇಕರಿಯವರು ನಾವು ಕೊಡ್ತೀವಿ ಮಕ್ಕಳಿಗೆ ಊಟ ಅಂತ ಮುಂದ ಬಂದ್ರು, ಕೊರೊನಾದಾಗ ಅವರದ ಧಂದೆ ನೆಲಾ ಹಿಡಿದಿತ್ತು ಆದ್ರೂ ಬಂದ್ರು, ಇಂವ ಅವರ ಹೆಸರು ಒಂದೊಂದಾಗಿ ಟ್ವಿಟ್ಟರ್‌ನಾಗ ಹಾಕ್ತಾ ಹೋದ. ಪೆಟಿಶನ್‌ಗೆ 10 ಲಕ್ಷದ ಮ್ಯಾಲ ಸಹಿ ಬಿದ್ವು. ನವೆಂಬರ್‌ದಾಗ ಸರ್ಕಾರ ಮತ್ತ ಒಪ್ಪಿತು, ಚಳಿಗಾಲಕ್ಕ ಬಡ ಕುಟುಂಬಗಳಿಗೆ 17 ಕೋಟಿ ಪೌಂಡ್, ಮುಂದಿನ ವರ್ಷ ಈಸ್ಟರ್, ಬ್ಯಾಸಗಿ, ಕ್ರಿಸ್‌ಮಸ್ ರಜಾದಾಗೂ ಊಟದ ವ್ಯವಸ್ಥಾ.

ನೋಡ್ರಿ, ಇದಕ್ಕ ನಾ ಕ್ರಿಸ್‌ಮಸ್ ಗಿಫ್ಟ್ ಅಂತೀನಿ. ಇದು ಆಟಗಾರನ ಕೆಲಸ ಅಲ್ಲ, ಇಂವ ರಾಜಕೀಯ ಮಾಡಾಕತ್ತಾನ ಅಂದೋರು ಅಲ್ಲೂ ಇದ್ರು. ನನಗ ಅದು ಒಪ್ಪಿಗಿ ಇಲ್ಲ. ಅಂವ ಕೈಯಿಂದ ಕೊಡೋದನ್ನೇನು ಬಿಟ್ಟಿರ್ಲಿಲ್ಲ, 2019ರ ಕ್ರಿಸ್‌ಮಸ್‌ದಾಗ ಮ್ಯಾಂಚೆಸ್ಟರ್‌ನ ಮನಿ ಇಲ್ಲದವರಿಗೆ ಬೇಕಾದ ಸಾಮಾನು ತುಂಬಿದ ಡಬ್ಬಿ ಹಂಚೋ ಕೆಲಸ ಶುರು ಮಾಡಿದ್ದ, ಫೇರ್‌ಶೇರ್ ಅನ್ನೋ ಸಂಸ್ಥೆ ಜೋಡಿ ಸೇರಿ ಸುಮಾರು 2 ಕೋಟಿ ಪೌಂಡಿನಷ್ಟು ರೊಕ್ಕ, ದಿನಸಿ ಕೂಡಿಸಿದ್ದ. ಅಷ್ಟು ಮಾಡಿದ ಮ್ಯಾಲನ ಅವಗ ತಿಳಿದದ್ದು, ಎಷ್ಟ ಡಬ್ಬಿ ಹಂಚಿದ್ರೂ 13 ಲಕ್ಷ ಮಕ್ಕಳನ್ನ ಒಬ್ಬಾಂವ ಮುಟ್ಟಾಕ ಆಗೂದಿಲ್ಲ, ಅದಕ್ಕ ಸರ್ಕಾರದ ಕೈನ ಬೇಕು ಅಂತ. ಫೇರ್‌ಶೇರ್‌ನ ಮ್ಯಾಂಚೆಸ್ಟರ್ ಗೋಡೌನ್‌ಗೆ ಅವರ ಅವ್ವನ ಹೆಸರು ಇಟ್ಟಾರ. ಇದನ್ನ ಓದಿದಾಗ ನನಗ ಮೈ ಝುಂ ಅಂತು.

ನಮ್ಮಕ್ಕ ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ ಸರ್ಕಾರಿ ಸಾಲಿಯೊಳಗ ಬಿಸಿಯೂಟದ ಅಡಿಗಿ ಮಾಡ್ತಾಳ. ಒಮ್ಮೆ ದಸರಾ ರಜಾ ಬಿಡೋ ದಿನ ನಾನೂ ಆ ಸಾಲಿಗೆ ಹೋಗಿದ್ದೆ. ಮಕ್ಕಳು ವರಾಂಡದಾಗ ಸಾಲಾಗಿ ಕುಂತು, ಶ್ಲೋಕ ಹೇಳಿ, ಉಣ್ಣಾಕ ಚಾಲೂ ಮಾಡಿದ್ವು. ಕಂಬದ ಕಡೆ ಕುಂತಿದ್ದ ಮೂರನೇ ಕ್ಲಾಸಿನ ಒಂದು ಹುಡುಗಿ ತತ್ತಿ ಒಡದು ಮ್ಯಾಲಿನ ಬಿಳಿದಷ್ಟ ತಿಂದು, ಒಳಗಿನ ಹಳದಿ ಉಂಡಿನ ನೋಟ್‌ಬುಕ್ಕಿನ ಒಂದು ಹಾಳಿ ಹರದು ಅದರಾಗ ಸುತ್ತಿ, ಕಂಪಾಸ್ ಬಾಕ್ಸಿನೊಳಗ ಇಟ್ಕೊಳ್ಳಾಕತ್ತಿತ್ತು. ಮನ್ಯಾಗ ಅಂಗನವಾಡಿಗೂ ಹೋಗದ ಸಣ್ಣ ತಮ್ಮ ಅದಾನಂತ. ಕೈಗೆ ಹತ್ತಿದ ಹಳದಿ ಪುಡಿನೂ ಬಿಡದಂಗ ಆ ಹಾಳಿಯೊಳಗ ಝಾಡಿಸಿ ಇಡ್ತು. ಅಕ್ಕ ಸೌಟು ಹಿಡ್ಕೊಂಡು ಬಂದಾಕಿ ಏನೂ ಕೇಳಲಿಲ್ಲ, ಆಕಿ ತಾಟಿಗೆ ಇನ್ನೊಂದು ಸೌಟು ಅನ್ನ, ಮ್ಯಾಲ ಸಾಂಬಾರ್ ಹಾಕಿ ಮುಂದ ಹೋದ್ಲು. ಮಕ್ಕಳೆಲ್ಲಾ ಎದ್ದ ಮ್ಯಾಲ ಪಾತೇಲಿ ಬಗ್ಗಿಸಿ ನೋಡಿದ್ರ ಒಂದು ಅಗಳೂ ಉಳದಿರ್ಲಿಲ್ಲ. "ಇವತ್ತ ಯಾಕಕ್ಕಾ ಇಷ್ಟು?" ಅಂದೆ. "ನಾಳಿಂದ ಸಾಲಿ ಇಲ್ಲಲ್ಲೋ ತಮ್ಮಾ, ರಜಾ ಬಿಡೋ ದಿನ ಎಲ್ಲಾ ಹುಡುಗ್ರೂ ಜಾಸ್ತಿ ಉಣ್ತಾವ" ಅಂದ್ಲು.

ರಾಶ್‌ಫೋರ್ಡ್ ಬರೆದ ಪತ್ರದಾಗ ಇದ್ದಿದ್ದೂ ಇದ ಅಲ್ಲೇನ್ರಿ. ನಮ್ಮ ಸರ್ಕಾರಿ ಸಾಲಿಗೆ ಕ್ರಿಸ್‌ಮಸ್‌ಗೆ ಒಂದ ದಿನ ಸೂಟಿ, ಆದ್ರ ದಸರಾ, ಬ್ಯಾಸಗಿ ಉದ್ದನ ರಜಾ. ಆಗ ಆ ತಾಟು ಎಲ್ಲಿಂದ ತುಂಬಬೇಕು?

ಬಿಸಿಯೂಟಾನೂ ತಾನಾಗೇ ಬಂದಿದ್ದಲ್ಲ, 2001ರ ನವೆಂಬರ್‌ದಾಗ ಸುಪ್ರೀಂ ಕೋರ್ಟ್ ಸರ್ಕಾರಿ ಸಾಲಿಗಳಾಗ ಬೇಯಿಸಿದ ಊಟ ಕೊಡಾಕಬೇಕು ಅಂತ ಆದೇಶ ಮಾಡಿತು, ಅದರ ಮರುವರ್ಷ ನಮ್ಮ ರಾಜ್ಯದಾಗ ಬಿಸಿಯೂಟದ ಅಕ್ಷರ ದಾಸೋಹ ಯೋಜನಾ ಮೊದಲು ಬಂದ 7 ಜಿಲ್ಲೆಗಳೊಳಗ ವಿಜಯಪುರ, ಬಾಗಲಕೋಟೆ ಇದ್ವು. ಬರಗಾಲದ ನಾಡು ಇದು. ತತ್ತಿ ಬಂದಿದ್ದು ಆಮ್ಯಾಲ, 2021ರ ಡಿಸೆಂಬರ್‌ದಾಗ ವಿಜಯಪುರ ಮತ್ತ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ, ನಂತರ ಎಲ್ಲಾ ಕಡೆ. 2024ರಿಂದ ವಾರಕ್ಕ 6 ದಿನ ಆತು, ಅದರಾಗ 4 ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡ್ತೈತಿ. ತತ್ತಿ ತಿನ್ನದ ಮಕ್ಕಳಿಗೆ ಬಾಳಿಹಣ್ಣು, ಮೊದಲು ಶೇಂಗಾ ಚಿಕ್ಕಿನೂ ಕೊಡ್ತಿದ್ರು. ಶ್ರೀಮಂತರು ಕೊಡೋ ರೊಕ್ಕ ಸರ್ಕಾರದ ವ್ಯವಸ್ಥೆಯೊಳಗ ಸೇರಿ ಕಡೀ ಹಳ್ಳಿ ತನಕ ಹೆಂಗ ಮುಟ್ಟಬಹುದು ಅನ್ನೋದಕ್ಕ ಇದಕ್ಕಿಂತ ಒಳ್ಳೆ ಉದಾಹರಣಿ ನನಗ ಗೊತ್ತಿಲ್ಲ. 2024ರ ಬ್ಯಾಸಗ್ಯಾಗ ಬರ ಬಿದ್ದ 223 ತಾಲೂಕಿನಾಗ ರಜಾದಾಗೂ ಬಿಸಿಯೂಟ ಹಾಕಿದ್ರು. ಅಂದ್ರ ಮನಸ್ಸು ಮಾಡಿದ್ರ ಆಗ್ತೈತಿ. ಬರ ಬಿದ್ದ ವರ್ಷ ಅಷ್ಟ ಯಾಕ, ಪ್ರತಿ ಬ್ಯಾಸಗಿಗೂ ಯಾಕ ಬ್ಯಾಡ ಅಂತ ನನ್ನ ಪ್ರಶ್ನಾ. ನಮ್ಮ ದೊಡ್ಡ ದೊಡ್ಡ ಕ್ರಿಕೆಟಿಗರೊಳಗ ಒಬ್ಬರು ಈ ಒಂದು ಪ್ರಶ್ನಾ ಜೋರಾಗಿ ಕೇಳಿದ್ರಂದ್ರ ಇಡೀ ದೇಶ ಕಿವಿಗೊಟ್ಟು ಕೇಳ್ತೈತಿ.

ಹಂಗಂತ ನಮ್ಮೋರು ಏನೂ ಮಾಡಿಲ್ಲ ಅಂತ ನಾ ಅನ್ನಂಗಿಲ್ಲ. ಸಚಿನ್ ಮುಂಬೈನ ಅಪ್ನಾಲಯ ಸಂಸ್ಥೆ ಮೂಲಕ ವರ್ಷಕ್ಕ 200 ಮಕ್ಕಳನ್ನ ಓದಸ್ಯಾರ. ನಮ್ಮ ಬಾಜೂ ಬಾಗಲಕೋಟೆ ಜಿಲ್ಲೆಗೆ ಬಂದ್ರ, ಅಲ್ಲಿಯ ಒಬ್ಬ ಹುಡುಗನ ಬಿಕಾಂ ಓದಿಗೆ ನಮ್ಮ ಕೆ.ಎಲ್. ರಾಹುಲ್ ನೆರವಾದ್ರು, 2025ರಾಗ ಅದ ಜಿಲ್ಲೆಯ ಒಬ್ಬ ಹುಡುಗಿಯ ಬಿಸಿಎ ಮೊದಲ ಸೆಮಿಸ್ಟರ್ ಫೀ 40,000 ರೂಪಾಯಿ ರಿಷಭ್ ಪಂತ್ ಸೀದಾ ಕಾಲೇಜಿನ ಖಾತೆಗೆ ಹಾಕಿದ್ರು. ಎಲ್ಲಿಯ ಪಂತ್ ಊರು ರೂರ್ಕಿ, ಎಲ್ಲಿಯ ಬಾಗಲಕೋಟೆ. ಎರಡೂ ಕಡೆ ಬೇಕಾಗಿದ್ದು ಫೀ, ಕೊಟ್ಟಿದ್ದೂ ಫೀನ. ವಿಜಯಪುರದ ನಮ್ಮ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್ ಆಡಿ ಬಂದಾಗ ಆಗಿನ ಮಂತ್ರಿ ಎಂ.ಬಿ. ಪಾಟೀಲರು ಕಾರು ಕೊಡ್ತೀನಿ ಅಂದ್ರ, ಕಾರು ಬ್ಯಾಡ್ರಿ, ನಮ್ಮ ಮನಿಯವರಿಗೆ ಇರಾಕ ಒಂದು ಮನಿ ಬೇಕು ಅಂತ ನೇರ ಹೇಳಿದ್ದು ನಿಮಗ ನೆನಪಿರಬಹುದು. ಅಪ್ಪನ್ನ ಕಳ್ಕೊಂಡು ಮನಿ ಭಾರ ಹೊತ್ತ ಹುಡುಗಿ, ಹಂಗ ಹೇಳಾಕ ಎಷ್ಟು ಗಟ್ಟಿ ಮನಸ್ಸು ಬೇಕು! ಆಕಿ ದೊಡ್ಡಾಕಿ ಇದ್ಲು, ಹೆಸರೂ ಇತ್ತು, ಬಾಯಿ ಬಿಟ್ಟು ಹೇಳಿದ್ಲು. ಏಳೆಂಟು ವರ್ಷದ ಹುಡುಗ್ರು ಹೇಳಂಗಿಲ್ಲ, ಏನು ಕೊಟ್ರೂ ಎರಡೂ ಕೈ ಚಾಚಿ ಇಸ್ಕೋತಾವ. ಅದಕ್ಕ ಕೊಡೋರ ಮೊದಲು ಕೇಳಬೇಕಾಗ್ತೈತಿ.

ಅಮೆರಿಕಾದ ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಇದನ್ನ ಇನ್ನೊಂದು ರೀತಿ ಮಾಡಿ ತೋರಿಸ್ಯಾನ. ಅಂವ ನಾಲ್ಕನೇ ಕ್ಲಾಸಿನಾಗ ಇದ್ದಾಗ 83 ದಿನ ಸಾಲಿಗೇ ಹೋಗಿರ್ಲಿಲ್ಲ, ಅವ್ವ ಮಗ ಇಬ್ಬರೂ ಸ್ವಂತ ಮನಿ ಇಲ್ಲದ ಅಲ್ಲಿ ಇಲ್ಲಿ ಇದ್ದು ದಿನಾ ಕಳೀತಿದ್ರು. 2018ರಾಗ ತನ್ನ ಊರು ಆ್ಯಕ್ರನ್‌ನಾಗ ಸರ್ಕಾರಿ ಸಾಲಿ ವ್ಯವಸ್ಥೆ ಜೋಡಿನ ಸೇರಿ ಓದಿನಾಗ ಹಿಂದ ಬಿದ್ದ ಮಕ್ಕಳ ಸಲವಾಗಿ ಒಂದು ಸಾಲಿ ತಗದ. ಅಲ್ಲಿ ಮಕ್ಕಳಿಗೆ ಊಟ, ಯೂನಿಫಾರ್ಮ್, ಒಂದೊಂದು ಸೈಕಲ್, ಜೊತಿಗೆ ಮನಿಯವರು ಬಂದು ದಿನಸಿ ಒಯ್ಯೋ ವ್ಯವಸ್ಥಾನೂ ಐತಿ. ಮಗು ಸಾಲಿ ಯಾಕ ತಪ್ಪಸ್ತೈತಿ ಅಂತ ಸ್ವತಃ ಅನುಭವಿಸಿದಾಂವ ಮಾತ್ರ ತಂದೆ ತಾಯಿಗೂ ದಿನಸಿ ಇಡ್ತಾನ.

ಈ 83 ದಿನದ ಲೆಕ್ಕ ಓದಿದಾಗ ನನ್ನ ಕಣ್ಣ ಮುಂದ ಬಂದಿದ್ದು ನಮ್ಮ ಕಡೆ ಕಬ್ಬು ಕಡಿಯಾಕ ಬರೋ ಗ್ಯಾಂಗಿನ ಮಕ್ಕಳು. ಡಿಸೆಂಬರ್ ಅಂದ್ರ ಬೆಳಗಾವಿಯ ಕ್ಯಾಂಪ್ ಏರಿಯಾದಾಗ ನಕ್ಷತ್ರ, ಕೇಕ್, ವರ್ಷದ ಕಡೀ ರಾತ್ರಿ ಸುಡಾಕ ಮಾರಾಟಕ್ಕಿಟ್ಟ ಓಲ್ಡ್‌ಮ್ಯಾನ್ ಗೊಂಬಿ, ಭಾಳ ಚಂದ ಇರ್ತೈತಿ ನೋಡಾಕ. ಆದ್ರ ಅದ ಡಿಸೆಂಬರ್ ಕಬ್ಬು ನುರಿಸೋ ಹಂಗಾಮು. ಗೋಕಾಕ, ಅಥಣಿ, ಚಿಕ್ಕೋಡಿ, ಆ ಕಡೆ ಮುಧೋಳ, ಜಮಖಂಡಿ ಎಲ್ಲಿ ಹೋದ್ರೂ ರಸ್ತಾ ತುಂಬ ಕಬ್ಬಿನ ಟ್ರ್ಯಾಕ್ಟರ್, ಹೊಲದ ಬದುವಿನಾಗ ತಾಡಪತ್ರಿ ಜೋಪಡಿ. ವಿಜಯಪುರದ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ್‌ದಿಂದ ಗಂಡ ಹೆಂಡತಿ ಜೋಡಿ ಮ್ಯಾಲ ಬರ್ತಾರ, ಮಕ್ಕಳನ್ನ ಊರಾಗ ಯಾರ ಹತ್ರ ಬಿಡಬೇಕು, ಕರ್ಕೊಂಡ ಬರ್ತಾರ. ನಸುಕಿನ್ಯಾಗ ಅಪ್ಪ ಅವ್ವ ಕೊಯ್ತಾ ಹಿಡ್ಕೊಂಡು ಹೊಲಕ್ಕ ಇಳದ್ರ ಎಂಟು ವರ್ಷದ ಹುಡುಗಿ ಜೋಪಡಿಯೊಳಗ ಕೂಸು ಆಡಿಸಿಕೋತ ಕುಂತಿರ್ತೈತಿ. ಆಕಿ ಊರ ಸಾಲಿಯೊಳಗ ಆಕಿ ಹೆಸರಿಗೆ ದಿನಾ ಗೈರುಹಾಜರಿ ಬೀಳ್ತಿರ್ತೈತಿ, ಓದೂ ಹೋತು, ಬಿಸಿಯೂಟಾನೂ ಹೋತು, ತತ್ತಿನೂ ಹೋತು, ಒಂದು ದಿನ ಎರಡು ದಿನ ಅಲ್ರಿ, ತಿಂಗಳಗಟ್ಟಲೆ.

ಈ ವರ್ಷ ನಾವು ಒಂದಿಷ್ಟು ಗೆಳೆಯರು ಕೂಡಿ ಏನರ ಮಾಡೋಣ ಅಂತ ಮಾತಾಡಾಕತ್ತೀವಿ. ಒಬ್ಬ ಬ್ಯಾಟು ಬಾಲು ಕೊಡೋಣ ಅಂದ, ಇನ್ನೊಬ್ಬ ಸ್ವೆಟರ್ ಅಂದ. ಮೊದಲು ಅಕ್ಕನ್ನ ಕೇಳೋಣ ಅಂತ ನಾ ಫೋನ್ ಹಚ್ಚಿದೆ. ಆಕಿ ಹೇಳಿದ್ದು ನಮ್ಮ ಯಾರ ತಲಿಯೊಳಗೂ ಇರ್ಲಿಲ್ಲ: "ಊರ ಹೊರಗ ಗ್ಯಾಂಗಿನವರು ಇಳದಾರ ತಮ್ಮಾ, ಹುಡುಗ್ರು ದಿನಾ ಕಂಪೌಂಡ್ ಗ್ವಾಡಿ ಹತ್ರ ಬಂದು ನಿಂತು ಒಳಗ ನೋಡ್ತಾವ. ಅವನ್ನ ಒಳಗ ಕುಂದ್ರಸಾಕ ಆಗ್ತೈತೇನು ಕೇಳು ನಮ್ಮ ಹೆಡ್ ಮಾಸ್ತರಿಗೆ."

ಆಗ್ತೈತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಟಿಸಿ ಇಲ್ಲ ಅಂತಾಗ್ಲಿ, ವರ್ಷ ಅರ್ಧಾ ಮುಗದೈತಿ ಅಂತಾಗ್ಲಿ ಸರ್ಕಾರಿ ಸಾಲಿಯವರು ಇಲ್ಲ ಅನ್ನಂಗಿಲ್ಲ. ಹಾಜರಿ ಬುಕ್ಕಿನಾಗ ಹೆಸರು ಬಂದ್ರ ತಾಟೂ ಬರ್ತೈತಿ. ಹೆಡ್ ಮಾಸ್ತರ ಜೋಡಿ ಮಾತಾಡೀನಿ, ಅವರು ಭಾಳ ಖುಷಿಯಿಂದ ಕರ್ಕೊಂಡ ಬರ್ರಿ ಅಂದಾರ, ಆದ್ರ ಸಣ್ಣ ಕೂಸುಗಳನ್ನ ಯಾರು ನೋಡ್ಕೋಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ, ಅಂಗನವಾಡಿ ಅಕ್ಕೋರ ಜೋಡಿ ಈ ವಾರ ಮಾತಾಡಬೇಕು, ಗ್ಯಾಂಗಿನ ಮುಖಂಡ ಮುಕಾದಮ್‌ನ್ನೂ ಒಪ್ಪಸಬೇಕು. ಸ್ವೆಟರ್ ರೊಕ್ಕದಾಗ ತಾಟು, ಲೋಟ, ಪಾಟಿ, ಚಪ್ಲಿ ತರೋಣ ಅಂತ ಆಗೇತಿ, ಚಪ್ಲಿಗೆ ಒಬ್ಬೊಬ್ಬರ ಕಾಲಿನ ಅಳತಿ ಹಾಳಿ ಮ್ಯಾಲ ಗೀಚ್ಕೊಂಡು ಬರಾಕ ಅಕ್ಕ ಐತವಾರ ಹೋಗ್ತಾಳ. ನಿಮ್ಮೂರ ಹೊಲದಾಗೂ ಗ್ಯಾಂಗ್ ಇಳದಿದ್ರ ಒಮ್ಮೆ ಹೋಗಿ ಎಷ್ಟು ಮಕ್ಕಳು ಅದಾವ ನೋಡಿ, ಹತ್ತಿರದ ಸಾಲಿಗೆ ತಿಳಸ್ರಿ. ಜೋಡಿ ಯಾರರ ಬೇಕಂದ್ರ ಹೇಳ್ರಿ, ನಾ ಬರ್ತೀನಿ.