ಗೋಡೆಗೆ ಮುಟ್ಟಿ ಹಿಂದಕ್ಕೆ ಬರುವ ರೈಲು

"ರೈಲು ಗೋಡೆಗೆ ಮುಟ್ಟಿತಾ?" ಅಲಿಶಾನ್ ಬೆಟ್ಟ ನೋಡಿಕೊಂಡು ಬಂದ ನೆಂಟರನ್ನು ಪಕ್ಕದ ಮನೆಯ ಪುಟ್ಟ ಹುಡುಗಿ ಮೊದಲು ಕೇಳಿದ್ದೇ ಇದನ್ನು. ತೈವಾನಿನ ಚಿಯಾಯಿಯಲ್ಲಿ ಈ ಮಾತು ಮಕ್ಕಳ ಬಾಯಲ್ಲೂ ಇದೆ.

ಚಿಯಾಯಿ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ 30 ಮೀಟರ್ ಎತ್ತರದಲ್ಲಿ, ಅಲಿಶಾನ್ 2,216 ಮೀಟರಿನಲ್ಲಿ. ನಡುವೆ 71.4 ಕಿ.ಮೀ. ಹಳಿ, ಸುಮಾರು ಐದು ಗಂಟೆಯ ದಾರಿ. ಕಡಿದಾದ ಕಡೆ 16 ಮೀಟರಿಗೆ ಒಂದು ಮೀಟರ್ ಏರು. ದುಲಿಶಾನ್ ಎಂಬಲ್ಲಿ ರೈಲು ಗುಡ್ಡವನ್ನು ಮೂರು ಸುತ್ತು ಹಾಕುತ್ತದೆ; ಆಗಷ್ಟೇ ಬಿಟ್ಟ ನಿಲ್ದಾಣ ಕಿಟಕಿಯ ಕೆಳಗೆ ಮತ್ತೆ ಮತ್ತೆ ಕಾಣುತ್ತದೆ. ಇನ್ನೂ ಮೇಲೆ ಸುತ್ತಲು ಜಾಗವೇ ಇಲ್ಲ. ಅಲ್ಲಿ ಹಳಿ ಬೆಟ್ಟದ ಗೋಡೆಯೆದುರು ಮುಗಿಯುತ್ತದೆ. ರೈಲು ನಿಂತು, ಹಳಿ ಬದಲಿಸುವ ಪಾಯಿಂಟ್ ತಿರುಗಿಸಿದ ಮೇಲೆ, ಬಂದ ದಿಕ್ಕಿಗೇ ಮೇಲಿನ ಹಳಿ ಹಿಡಿದು ಹಿಮ್ಮುಖವಾಗಿ ಹತ್ತುತ್ತದೆ. ಹುಡುಗಿ ಕೇಳಿದ ಗೋಡೆ ಇದೇ.

ಚಿಯಾಯಿಯಿಂದ ಹೊರಡುವಾಗ ಇಂಜಿನ್ ಹಿಂದಿರುತ್ತದೆ, ಬೋಗಿಗಳನ್ನು ತಳ್ಳಿಕೊಂಡು ಹೋಗುತ್ತದೆ. ನಡುವಿನ ಕೊಂಡಿ ಕಳಚಿದರೂ ಬೋಗಿಗಳು ಇಳಿಜಾರಿಗೆ ಓಡಿಹೋಗದೆ ಇಂಜಿನ್ನಿಗೇ ಒರಗಿ ನಿಲ್ಲಲಿ ಎಂದು ಈ ಏರ್ಪಾಡು. 'ಶೇ' (Shay) ಎಂಬ ಮಾದರಿಯ ಹಳೆಯ ಉಗಿ ಇಂಜಿನ್‌ಗಳನ್ನು ಚಿಯಾಯಿಯ ಬೇಮೆನ್ ನಿಲ್ದಾಣದ ಬಳಿಯ ಶೆಡ್‌ನಲ್ಲಿ ಹತ್ತಿರದಿಂದ ನೋಡಬೇಕು. ಸಿಲಿಂಡರುಗಳೆಲ್ಲ ಬಲಗಡೆಗೇ ನೆಟ್ಟಗೆ ನಿಂತಿವೆ, 28 ಟನ್ನಿನದಕ್ಕೆ ಮೂರು, 18 ಟನ್ನಿನದಕ್ಕೆ ಎರಡು. ಆ ಭಾರಕ್ಕೆ ಸರಿದೂಗಲು ಬಾಯ್ಲರನ್ನು ಎಡಕ್ಕೆ ಸರಿಸಿದ್ದಾರೆ. ಉದ್ದನೆಯ ಶಾಫ್ಟ್ ಮತ್ತು ಹಲ್ಲುಚಕ್ರಗಳ ಮೂಲಕ ಶಕ್ತಿ ಪ್ರತಿ ಅಚ್ಚಿಗೂ ಹೋಗುವುದರಿಂದ ಏರಿನಲ್ಲಿ ಚಕ್ರ ಜಾರುವುದು ಕಡಿಮೆ.

ಜಪಾನೀಯರು 1912ರಲ್ಲಿ ಈ ದಾರಿ ತೆರೆದದ್ದು ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರ ಇಳಿಸಲು. ಬಿರುಕು ಬಿಡದಿರಲೆಂದು ದಿಮ್ಮಿಗಳನ್ನು ಊರಿನ ಕೊಳದಲ್ಲಿ ತೇಲಿಬಿಡುತ್ತಿದ್ದರು. ಅರಣ್ಯ ನೌಕರರ ಮರದ ಮನೆಗಳು ಈಗ ಹಿನೋಕಿ ಗ್ರಾಮ.

ರೈಲು ನಿಲ್ದಾಣದ ಮುಂದೆಯೇ 1947ರ ಮಾರ್ಚ್ 25ರಂದು ಊರಿನ ಚಿತ್ರಕಾರ ಚೆನ್ ಚೆಂಗ್‌ಪೋ ಅವರನ್ನು, ಜಪಾನೀಯರ ನಂತರ ಬಂದ ಚೀನೀ ರಾಷ್ಟ್ರವಾದಿ ಸರ್ಕಾರದ ಸೈನಿಕರು ಗುಂಡಿಟ್ಟು ಕೊಂದರು. ಅವರು ಬರೆದ ಬೀದಿಗಳ ಚಿತ್ರಗಳ ಪ್ರತಿಗಳನ್ನು ಇಂದು ಅದೇ ಬೀದಿಗಳಲ್ಲಿ ನಿಲ್ಲಿಸಿದ್ದಾರೆ. ಅಲ್ಲಿ ಅವಸರದಲ್ಲಿ ದಾಟಿ ಹೋಗಬೇಡಿ.

2009ರ ಮೊರಾಕೋಟ್ ಚಂಡಮಾರುತದಲ್ಲಿ ಗುಡ್ಡಗಳು ಕುಸಿದು ದಾರಿ ಕಡಿಯಿತು. 42ನೇ ಸುರಂಗವನ್ನು ಹೊಸದಾಗಿ ಕೊರೆದು, 2024ರ ಜುಲೈನಲ್ಲಿ ರೈಲು ಪೂರ್ತಿ ಮೇಲಕ್ಕೆ ಹೋಯಿತು. ಹದಿನೈದು ವರ್ಷ ಕಾದರೂ ಗೇಜ್ (ಎರಡು ಹಳಿಗಳ ನಡುವಿನ ಅಂತರ) ಬದಲಿಸಲಿಲ್ಲ: 762 ಮಿ.ಮೀ.

ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಮೇಲೆ ಯಲಹಂಕಕ್ಕೆ ಬರುತ್ತಿದ್ದ ನಮ್ಮ ಚಿಕ್ಕ ರೈಲಿನ ಹಳಿಯೂ ಇದೇ 762 ಮಿ.ಮೀ. ಬ್ರಾಡ್‌ಗೇಜ್ ಬೇಕಿತ್ತು, ಒಪ್ಪೋಣ. ನಂದಿ ಬೆಟ್ಟದ ಕೆಳಗೆ ನಾಲ್ಕು ಮೈಲಿಯನ್ನಾದರೂ ಹಾಗೇ ಉಳಿಸಿಕೊಳ್ಳಬಹುದಿತ್ತಲ್ಲ.