ಝಾನ್ಸೆ ಸ್ಕಾನ್ಸ್‌ಗೆ ಹೋದರೆ ಗಿರಣಿಯ ಒಳಗೂ ಹೋಗಿ

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಹತ್ತಿರವಿರುವ, ಹಳೆಯ ಗಾಳಿಗಿರಣಿಗಳ ತಾಣ ಝಾನ್ಸೆ ಸ್ಕಾನ್ಸ್‌ಗೆ ಟೂರ್ ಬಸ್ಸಿನಲ್ಲಿ ಬರುವ ಹೆಚ್ಚಿನವರು ಚೀಸ್ ಅಂಗಡಿ, ಮರದ ಬೂಟಿನ ಅಂಗಡಿ ಸುತ್ತಿ, ಗಾಳಿಗಿರಣಿ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನನ್ನ ಕೇಳಿದರೆ, ಅಂಗಡಿ ಬಿಟ್ಟರೂ ಪರವಾಗಿಲ್ಲ, 'ದೆ ಕಾಟ್' ಗಿರಣಿ ಬಿಡಬೇಡಿ.

ನೀವೇ ಹೋಗುವುದು ಸುಲಭ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್‌ನಿಂದ ಸ್ಪ್ರಿಂಟರ್ (ಲೋಕಲ್) ರೈಲು ಹತ್ತಿ, ಝಾನ್‌ಡೈಕ್ ಝಾನ್ಸೆ ಸ್ಕಾನ್ಸ್ ನಿಲ್ದಾಣದಲ್ಲಿ ಇಳಿಯಿರಿ. ಸುಮಾರು 20 ನಿಮಿಷದ ದಾರಿ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು, ಆದರೆ ಒಬ್ಬರಿಗೆ ಒಂದು ಕಾರ್ಡ್ ಬೇಕು. ನಮ್ಮ ಕಾರ್ಡಿನಲ್ಲಿ ವಿದೇಶದ ಟ್ಯಾಪ್ ಪಾವತಿಯನ್ನು ಊರಲ್ಲೇ ಆನ್ ಮಾಡಿಸಿಕೊಳ್ಳಿ. ಇಳಿದ ಮೇಲೆ ಕಾಲು ಗಂಟೆ ನಡಿಗೆ. ದಾರಿಯಲ್ಲಿ ಕೋಕೋ ಕಾರ್ಖಾನೆಯ ಘಮ ಮೂಗಿಗೆ ಬಡಿಯುತ್ತದೆ.

ದೆ ಕಾಟ್ ಬಣ್ಣ ಅರೆಯುವ ಗಿರಣಿ. 1782ರಲ್ಲಿ ಸುಟ್ಟುಹೋಗಿ ಮತ್ತೆ ಎದ್ದಿತು. 20ನೇ ಶತಮಾನದ ಆರಂಭದಲ್ಲಿ ಮೇಲ್ಭಾಗವನ್ನು ಕೆಡವಿದರು. 1960ರಲ್ಲಿ 'ದೆ ಡೌನ್‌ಯಾಗರ್' ಎಂಬ ಬೇರೆ ಗಿರಣಿಯ ಎಂಟು ಮೂಲೆಯ ಮೈಯನ್ನು ತಂದು ಇದರ ಮೇಲೆ ಕೂರಿಸಿದರು. ಅಂದರೆ ಕಾಲು ಒಬ್ಬರದ್ದು, ಮೈ ಇನ್ನೊಬ್ಬರದ್ದು! ಆದರೂ ಇವತ್ತಿಗೂ ಕೆಲಸ ಮಾಡುತ್ತದೆ.

ಒಳಗೆ ಕೆಳಗಡೆಯೇ ತುಂಬ ಹೊತ್ತು ನಿಲ್ಲಿ. ಎರಡು ದೊಡ್ಡ ಕಲ್ಲುಗಳು ಚಕ್ರದ ಹಾಗೆ ನೆಟ್ಟಗೆ ನಿಂತು, ಕೆಳಗಿನ ಕಲ್ಲಿನ ಮೇಲೆ ಸುತ್ತುತ್ತಾ ಸೀಮೆಸುಣ್ಣದ ಗಡ್ಡೆ ಪುಡಿ ಮಾಡುತ್ತವೆ. ಹಿಂದೆಯೇ ಬರುವ ಮರದ ಹಲಗೆ ಚದುರಿದ ಪುಡಿಯನ್ನು ಮತ್ತೆ ಕಲ್ಲಿನಡಿ ತಳ್ಳುತ್ತದೆ. ಮೇಲೆ ಹಲ್ಲುಚಕ್ರಗಳು ಕಟಕಟ ಅನ್ನುತ್ತವೆ, ಇಡೀ ಕಟ್ಟಡವೇ ನಡುಗುತ್ತದೆ. ಇದನ್ನೆಲ್ಲ ಓಡಿಸುವುದು ಗಾಳಿಯೇ.

ಮೇಲಿನ ಮೊಗಸಾಲೆಗೆ ಏಣಿಯಷ್ಟೇ ಕಡಿದಾದ ಮೆಟ್ಟಿಲು. ಇಳಿಯುವಾಗ ಹಿಮ್ಮುಖವಾಗಿ ಇಳಿಯಿರಿ, ಸೀರೆ, ಚಪ್ಪಲಿ ಬೇಡ. ಮಂಡಿನೋವಿನ ಹಿರಿಯರು ಮೇಲೆ ಹತ್ತದಿದ್ದರೂ ನಷ್ಟವಿಲ್ಲ, ಅರೆಯುವುದೆಲ್ಲ ಕೆಳಗೇ. ಮೇಲೆ ರೆಕ್ಕೆಗಳು ಮುಖದೆದುರೇ ಬೀಸಿಕೊಂಡು ಹೋಗುತ್ತವೆ, ಮಕ್ಕಳ ಕೈ ಬಿಡಬೇಡಿ.

ಗಾಳಿ ಇಲ್ಲದ ದಿನ ಸುಮ್ನೆ ನಿಂತಿರುತ್ತದೆ, ಹಾಗಾಗಿ ಹವಾಮಾನ ನೋಡಿ ದಿನ ಆರಿಸಿ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಬಸ್ಸುಗಳು ಜಾಸ್ತಿ. ಟಿಕೆಟ್, ಸಮಯ ಬದಲಾಗುತ್ತಿರುತ್ತವೆ, ಹಿಂದಿನ ದಿನವೇ ನೋಡಿಕೊಳ್ಳಿ. ಸಸ್ಯಾಹಾರಿಗಳಿಗೆ ಒಂದು ಮಾತು: ಡಚ್ ಚೀಸ್‌ಗೆ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪು ಹಾಕುವುದುಂಟು. ಸ್ಯಾಂಪಲ್ ಬಾಯಿಗೆ ಹಾಕುವ ಮೊದಲು ಕೇಳಿ.